ಒತ್ತು ಬೀಳುವ ಹೊತ್ತು

ಮಾರ್ಚ್ ೩, ಸೋಮವಾರ

ಬಣ್ಣದ ಅಂಗಡಿಯವರು ಅಣ್ಣನಿಗೆ ಕೊಟ್ಟಿದ್ದ ಡೈರಿ ಇದು. ಜನವರಿಯ ಮೊದಲ ಪುಟದಲ್ಲಿ ಅವನು ಒಂದೇ ಸಾಲು ಬರೆದಿದ್ದಾನೆ: ‘ಬಿಳಿ ಮುಗಿದಿದೆ. ತರಬೇಕು.’ ಅಲ್ಲಿಂದಾಚೆ ಪುಟಗಳೆಲ್ಲ ಖಾಲಿ. ಬಿಳಿ ತಂದನೋ ಇಲ್ಲವೋ ಇದರಲ್ಲಿಲ್ಲ. ತಂದಿದ್ದ. ಮೇಲಿನ ಕೋಣೆಯಲ್ಲಿ ಇನ್ನೂ ಅರ್ಧ ಡಬ್ಬಿ ಇದೆ.

ಅಣ್ಣ ಹೋಗಿ ಇವತ್ತಿಗೆ ನಲವತ್ತಾರು ದಿನ. ಬಸ್ಸಿಗೆ ಕಾಯುತ್ತ ಕುಳಿತವನು ಬಸ್ಸು ಬಂದಾಗ ಏಳಲಿಲ್ಲ.

ಅತ್ತಿಗೆ ಈ ಡೈರಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ಬಾಯಿಬಿಟ್ಟು ಆಡದವಳು ಬರೆದಾದರೂ ಹಾಕು, ಒಳಗೇ ಇಟ್ಟುಕೊಂಡರೆ ಹುಳಿ ಹಿಡಿಯುತ್ತದೆ ಎಂದರು. ನಾನು ಓದಿದ್ದು ಏಳನೇ ತರಗತಿ. ಅಕ್ಷರ ದುಂಡಗಿದೆ, ಅಷ್ಟೆ. ಬೆಳಿಗ್ಗೆ ಎದ್ದೆ. ಬಟ್ಟೆ ಒಗೆದೆ. ಮೇಲಿನ ಕೋಣೆಗೆ ಹೋಗಲಿಲ್ಲ.

ಮಾರ್ಚ್ ೫, ಬುಧವಾರ

ಹೋಗಲಿಲ್ಲ.

ಮಾರ್ಚ್ ೬, ಗುರುವಾರ

ಇವತ್ತು ಹೋಗಬೇಕಾಯಿತು. ನಿರ್ದೇಶಕರು ಬಂದಿದ್ದರು.

ಅಣ್ಣ ಮೂವತ್ತೊಂದು ವರ್ಷ ಸಿನಿಮಾದ ಶುರುವಿಗೆ ಬರುವ ಹೆಸರುಗಳನ್ನು ಕೈಯಲ್ಲಿ ಬರೆದ. ಕರಿ ರಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ. ಕಂಪ್ಯೂಟರ್ ಬಂದ ಮೇಲೆ ಕೇಳುವವರು ಕಡಿಮೆಯಾದರು. ಈ ನಿರ್ದೇಶಕರು ಹುಡುಕಿಕೊಂಡು ಬಂದವರು. ಮೂವತ್ತು ದಾಟಿರಬಹುದು, ಇದು ಮೊದಲ ಸಿನಿಮಾ, ಗಡ್ಡದೊಳಗೆ ಬೆರಳಾಡಿಸದೆ ಒಂದು ವಾಕ್ಯ ಮುಗಿಸುವುದಿಲ್ಲ. ಹೊಡೆದಾಟ, ಓಡಾಟ, ಎದೆ ಬಡಿದುಕೊಳ್ಳುವಂಥ ಕತೆ. ಒಬ್ಬ ದೊಡ್ಡ ಮನುಷ್ಯನಿಗೆ ಯಾರೋ ದಿನಕ್ಕೊಂದು ಸಲ ಫೋನ್ ಮಾಡಿ ‘ಬಲ್ಲೆ’ ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಏನು ಬಲ್ಲರು ಎಂದು ತಿಳಿಯುವುದರೊಳಗೆ ಮೂವರು ಸತ್ತಿರುತ್ತಾರೆ. ಸಿನಿಮಾದ ಹೆಸರೂ ಅದೇ, ‘ಬಲ್ಲೆ’.

ಅವರು ರಟ್ಟುಗಳನ್ನು ಒಯ್ಯಲು ಬಂದಿದ್ದರು. ಅತ್ತಿಗೆ ಬೀಗದ ಕೈ ನನ್ನ ಕೈಗೆ ತುರುಕಿ ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿಸಿದರು. ಮೇಜಿನ ಮೇಲೆ ಮೂವತ್ತನಾಲ್ಕು ರಟ್ಟು, ಅವನು ಜೋಡಿಸಿಟ್ಟ ಹಾಗೇ ಇತ್ತು. ನಿರ್ದೇಶಕರು ಒಂದೊಂದೇ ಎತ್ತಿ ನೋಡಿದರು. ಮುಖ ಇಳಿಯಿತು.

“ಅಕ್ಕ, ಇದರಲ್ಲಿ ಎಲ್ಲಾ ತಪ್ಪಿದೆಯಲ್ಲ.”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಉತ್ತರ ಕೊಟ್ಟರು. “ತಪ್ಪಲ್ಲಪ್ಪ, ಒತ್ತಿಲ್ಲ ಅಷ್ಟೆ. ನಮ್ಮನೆಯವರು ಯಾವತ್ತು ಒತ್ತು ಹಾಕಿದ್ರು? ಮೂವತ್ತೊಂದು ವರ್ಷದಿಂದ ಒತ್ತು ಹಾಕೋಳು ಇವಳು.”

ನಿಜವೇ. ಮೇಜಿನ ಆ ಕಡೆ ಅವನು, ಈ ಕಡೆ ನಾನು. ಅವನು ಮೇಲಿನ ಅಕ್ಷರ ಬರೆದು ರಟ್ಟನ್ನು ಇತ್ತ ಸರಿಸಿ ‘ಒತ್ತು’ ಎನ್ನುತ್ತಿದ್ದ. ಒತ್ತಕ್ಷರ ಹಾಕಿ ನಾನು ಅತ್ತ ಸರಿಸುತ್ತಿದ್ದೆ. ಕೆಳಗಿನ ಸಣ್ಣ ಕೆಲಸಕ್ಕೆ ತನಗೆ ತಾಳ್ಮೆ ಇಲ್ಲ ಎಂದು ಶುರುವಿನಲ್ಲೇ ಕೈಯೆತ್ತಿಬಿಟ್ಟಿದ್ದ. ನನ್ನನ್ನು ಕರೆಯುತ್ತಿದ್ದದ್ದೂ ಹಾಗೇ. ‘ಒತ್ತೂ, ಊಟಕ್ಕೆ ಬಾ.’ ದಿನಕ್ಕೆ ಎರಡು ರಟ್ಟಾದರೂ, ಹತ್ತಾದರೂ, ಅವನು ಆ ಮಾತು ಹೇಳದೆ ನಾನು ಕುಂಚ ಎತ್ತಿದವಳಲ್ಲ.

ಈ ಮೂವತ್ತನಾಲ್ಕನ್ನು ಅವನು ಬರೆದಿಟ್ಟಿದ್ದಾನೆ. ಸರಿಸಿಲ್ಲ. ಸಿನಿಮಾದ ಹೆಸರಿನ ರಟ್ಟಿನ ಮೇಲೆ ‘ಬಲೆ’ ಎಂದಿದೆ.

ನಿರ್ದೇಶಕರು ಮೆಟ್ಟಿಲ ಮೇಲೆಯೇ ಕುಳಿತು ಹೇಳಿದರು. ಇಪ್ಪತ್ತೇಳನೇ ತಾರೀಖು ನಿರ್ಮಾಪಕರು ಮೊದಲ ಮೂರು ನಿಮಿಷ ನೋಡುತ್ತಾರೆ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಾರಂತೆ. ಕೈಬರಹ ಯಾಕೆ, ಕಂಪ್ಯೂಟರಿನ ಅಕ್ಷರ ಸಾಕು ಎಂದು ಯಜಮಾನರು ಮೊದಲಿನಿಂದ ಹೇಳುತ್ತಲೇ ಇದ್ದಾರಂತೆ. ಅಷ್ಟರಲ್ಲಿ ಮುಗಿಯದಿದ್ದರೆ, ಅಥವಾ ಅವರಿಗೆ ಹಿಡಿಸದಿದ್ದರೆ, ಇವೆಲ್ಲ ಪಕ್ಕಕ್ಕೆ. ನೀವು ಮಾಡ್ತೀರಾ ಎಂದು ಕೇಳಿದರು. ನೋಡೋಣ ಎಂದೆ.

“ಅವಳು ನೋಡೋಣ ಅಂದ್ರೆ ಹೂಂ ಅಂತಲೇ” ಎಂದು ಅತ್ತಿಗೆ ಅವರಿಗೆ ಚಹಾ ಕೊಟ್ಟು ಕಳಿಸಿದರು.

ನಾನು ಹೂಂ ಎಂದಿರಲಿಲ್ಲ.

ಮಾರ್ಚ್ ೯, ಭಾನುವಾರ

ಮೇಲೆ ಹೋಗಿ ಕುಳಿತೆ. ಬಿಳಿಯನ್ನು ಕಲಸಿದೆ. ಮೊದಲ ರಟ್ಟು ಎದುರಿಗಿಟ್ಟುಕೊಂಡೆ. ಕುಂಚ ಅವನ ಅಕ್ಷರದ ಹತ್ತಿರ ಹೋದಾಗ ಕೈ ನಿಂತಿತು. ಇದುವರೆಗೆ ನಾನು ಎಡವಿದರೆ ಅವನು ಇನ್ನೊಂದು ರಟ್ಟು ಬರೆಯುತ್ತಿದ್ದ, ಬೈಯುತ್ತಲೇ. ಈಗ ಎಡವಿದರೆ ಆ ಅಕ್ಷರ ಮತ್ತೆಲ್ಲಿಂದ ತರುವುದು.

ಕುಂಚ ತೊಳೆದು ಕೆಳಗೆ ಬಂದೆ. ಎಷ್ಟಾಯಿತು ಎಂದು ಅತ್ತಿಗೆ ಕೇಳಿದರು. ಕುಂಚ ತೊಳೆದೆ ಎಂದೆ. ಹಾಗಾದರೆ ಪಾತ್ರೆಯೂ ಇವೆ, ಬಾ ಎಂದರು.

ಮಾರ್ಚ್ ೧೧, ಮಂಗಳವಾರ

ಅತ್ತಿಗೆ ಊಟದ ಮೇಜಿಗೆ ಹೊದಿಸಲು ಗಾಜಿನಂಥ ಪ್ಲಾಸ್ಟಿಕ್ ಹಾಳೆ ತಂದಿದ್ದರು. ಅದರ ಕೆಳಗೆ ಮೇಜಿನ ಗೀರುಗಳೆಲ್ಲ ಹಾಗೇ ಕಾಣುತ್ತಿದ್ದವು. ಅದನ್ನು ನೋಡುತ್ತ ಊಟ ಮಾಡುತ್ತಿದ್ದಾಗ ಹೊಳೆಯಿತು. ಅವರು ಹೊರಗೆ ಹೋದಾಗ ಒಂದು ತುಂಡು ಕತ್ತರಿಸಿಕೊಂಡೆ.

ಹಾಳೆಯನ್ನು ರಟ್ಟಿನ ಮೇಲಿಟ್ಟು ಒತ್ತನ್ನು ಹಾಳೆಯ ಮೇಲೆ ಬರೆದೆ. ಅಣ್ಣನ ಅಕ್ಷರಕ್ಕೆ ನನ್ನ ಕುಂಚ ತಾಗಲೇ ಇಲ್ಲ. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ಎರಡನ್ನೂ ಬೇರೆ ಬೇರೆ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಬಹುದು ಎಂದು ನಿರ್ದೇಶಕರು ಫೋನಿನಲ್ಲಿ ಹೇಳಿದರು. ಹಾಳೆ ಎತ್ತಿ ಬೆಳಕಿಗೆ ಹಿಡಿದರೆ ಒತ್ತುಗಳಷ್ಟೇ ಗಾಳಿಯಲ್ಲಿ ನೇತಾಡುತ್ತಿವೆ, ಮೇಲೆ ಏನೂ ಇಲ್ಲ. ನೋಡಲು ಒಂಥರಾ ಆಗುತ್ತದೆ.

ಹನ್ನೊಂದು ಮುಗಿಸಿದೆ. ಮೇಜಿನ ಹೊದಿಕೆ ಅರ್ಧಕ್ಕರ್ಧ ಹೋಗಿದೆ. ಅತ್ತಿಗೆ ಬಂದು ನೋಡಿ, ಮನೆಯಲ್ಲಿ ಇಲಿ ಇದೆ, ಅದಕ್ಕೆ ಕತ್ತರಿ ಹಿಡಿಯಲು ಬರುತ್ತದೆ ಎಂದರು.

ಮಾರ್ಚ್ ೧೪, ಶುಕ್ರವಾರ

ಮೂವತ್ತಮೂರು ಆಯಿತು. ಉಳಿದದ್ದು ‘ಬಲೆ’ ಒಂದೇ. ಅದನ್ನು ಮಗುಚಿ ಇಟ್ಟಿದ್ದೇನೆ.

ಮಾರ್ಚ್ ೧೭, ಸೋಮವಾರ

ಸಿನಿಮಾ ಜೋಡಿಸುವ ಕೋಣೆಗೆ ಹೋಗಿದ್ದೆ. ಕಿಟಕಿಗಳಿಗೆ ಕರಿ ಬಟ್ಟೆ. ಎರಡು ಪರದೆ, ಒಂದು ಮುರುಕು ಸೋಫಾ, ಚಹಾ ಲೋಟಗಳ ಗುಂಡಗಿನ ಕಲೆ ಬಿದ್ದ ಮೇಜು. ಸಂಕಲನ ಮಾಡುವವರನ್ನು ಎಲ್ಲರೂ ಕತ್ತರಿ ಎನ್ನುತ್ತಾರೆ. ನನ್ನಷ್ಟೇ ವಯಸ್ಸು. ಎದುರಿಗಿರುವವರ ಮಾತು ಉದ್ದವಾದರೆ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಾರೆ. ನಿರ್ದೇಶಕರ ಮಾತಿಗೆ ಆಡಿಸುತ್ತಲೇ ಇದ್ದರು. ನನ್ನ ಮುಂದೆ ಬೆರಳಿಗೆ ಕೆಲಸವಿರಲಿಲ್ಲ.

ಕತ್ತರಿ ನನ್ನ ಹಾಳೆಗಳನ್ನು ಅಣ್ಣನ ಅಕ್ಷರಗಳ ಮೇಲೆ ಕೂರಿಸುತ್ತ ಹೋದರು. ನಿರ್ದೇಶಕರ ಸ್ವಂತ ರಟ್ಟಿನಲ್ಲಿ ಇರಬೇಕಾದದ್ದು ‘ಕತೆ ಮತ್ತು ನಿರ್ದೇಶನ’. ಹಾಳೆ ಒಂದಿಷ್ಟು ಎಡಕ್ಕೆ ಜರುಗಿತ್ತು. ‘ಮತ್ತು’ವಿನ ಒತ್ತು ಹೋಗಿ ‘ಕತೆ’ಯ ಕೆಳಗೆ ಕುಳಿತಿತು. ‘ನಿರ್ದೇಶನ’ದ ಅರ್ಕಾವತ್ತು ‘ಮತು’ವಿನ ಪಕ್ಕಕ್ಕೆ ಬಂತು. ಅಷ್ಟಗಲ ಪರದೆಯ ಮೇಲೆ ಬಂದದ್ದು:

ಕತ್ತೆ ಮರ್ತು ನಿದೇಶನ

ಅದರ ಕೆಳಗೆ ನಿರ್ದೇಶಕರ ಹೆಸರು ದೊಡ್ಡದಾಗಿ ಬಂತು. ಕತ್ತರಿ ಬಹಳ ಗಂಭೀರವಾಗಿ, “ಕತೆ ಮರ್ತಿರೋದು ನಂಗೆ ಮೊದಲೇ ಗೊತ್ತಿತ್ತು. ಇನ್ನೊಂದು ವಿಷಯ ಈಗ ಗೊತ್ತಾಯ್ತು” ಎಂದರು.

ನನಗೆ ನಗು ಬಂತು. ತಡೆಯಲು ಸೆರಗು ಬಾಯಿಗಿಟ್ಟುಕೊಂಡರೆ ಮೂಗಿನಿಂದ ಬಂತು. ನಿರ್ದೇಶಕರೂ ಸೋಫಾದ ಮೇಲೆ ಉರುಳಿದರು. ಬಹಳ ಹೊತ್ತು ನಕ್ಕೆವು. ಮನೆಗೆ ಬಂದು ಅತ್ತಿಗೆಗೆ ಹೇಳುವಾಗ ಅರ್ಧಕ್ಕೇ ಮತ್ತೆ ನಗು ಬಂದು ಹೇಳಲಾಗಲಿಲ್ಲ. ಅವರು ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದರು. ಯಾಕೋ ಗೊತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ಹಾಳೆಗಳೆಲ್ಲ ಸರಿಯಾದವು. ಹೆಸರುಗಳ ಹಿಂದೆ ಮೊದಲು ಏನಿತ್ತೆಂದರೆ ಬರೀ ಬೆಂಕಿ, ಹಾರುವ ಕಾರು, ಗುಂಡಿನ ಸದ್ದು. ನಿನ್ನೆ ನಿರ್ದೇಶಕರು ಫೋನಿಗೆ ಕಳಿಸಿದ್ದ ಅದನ್ನು ಅತ್ತಿಗೆಗೆ ತೋರಿಸಿದ್ದೆ. ಎಲ್ಲವನ್ನೂ ಇಲ್ಲೇ ಸುಟ್ಟುಬಿಟ್ಟರೆ ಆಮೇಲೆ ಸುಡಲು ಏನುಂಟು ಎಂದು ಕೇಳಿದ್ದರು. ಆ ಮಾತನ್ನು ಇವತ್ತು ಅಲ್ಲಿ ಹಾಗೇ ಹೇಳಿಬಿಟ್ಟೆ. ಕತ್ತರಿ ತಿರುಗಿ ನೋಡಿ, ತಾನು ಒಂದು ತಿಂಗಳಿಂದ ಬಡಿದುಕೊಳ್ಳುತ್ತಿರುವುದೂ ಇದನ್ನೇ ಎಂದರು. ಬೆಂಕಿ ತೆಗೆದು ತೊಟ್ಟಿಕ್ಕುವ ನಲ್ಲಿ, ಗೊಂಚಲು ಬೀಗದ ಕೈ, ಸುಮ್ಮನೆ ಕುಳಿತ ಫೋನು, ಯಾರೂ ಇಲ್ಲದ ಕುರ್ಚಿ ಇವುಗಳನ್ನು ಹಾಕಿದರು. ಸಿನಿಮಾದೊಳಗಿನವೇ.

ಕತ್ತರಿಯವರ ಕಂಪ್ಯೂಟರ್ ಹಳೆಯದು. ಎರಡು ಚಿತ್ರ ಒಟ್ಟಿಗೆ ತೆರೆ ಎಂದರೆ ಒಂದನ್ನು ತೆರೆದು ಸುಧಾರಿಸಿಕೊಂಡು ಇನ್ನೊಂದನ್ನು ತೆರೆಯುತ್ತದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ‘ಛಾಯಾಗಹಣ’ ಎಂದು ಬಂದು ನಿಂತಿತು. ತಪ್ಪಾಗಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಏನು ತಪ್ಪು ಎಂದು ತಿಳಿಯುವಷ್ಟರಲ್ಲಿ ‘ಗ’ದ ಕೆಳಗೆ ಒತ್ತು ಬಿತ್ತು. ನನ್ನ ಉಸಿರು ನಿಂತದ್ದು ನನಗೇ ಕೇಳಿಸಿತು.

ಕತ್ತರಿ ಕಂಪ್ಯೂಟರಿಗೆ ಬೈಯಲು ಬಾಯಿ ತೆರೆದರು. ನಿರ್ದೇಶಕ ಕತ್ತರಿಯವರ ಕೈ ಹಿಡಿದ. ಇನ್ನೊಂದು ಸಲ ಹಾಕಿ ಎಂದ. ಹಾಕಿದರು. ಮತ್ತೆ ಹಾಗೇ ಆಯಿತು. ಬರೀ ಹೆಸರು, ಬರೀ ನಲ್ಲಿ. ಆದರೂ ಮೂವರೂ ಮುಂದಕ್ಕೆ ಬಾಗಿ ಕುಳಿತಿದ್ದೆವು.

ಸಿನಿಮಾದ ಹೆಸರು ಇನ್ನೂ ‘ಬಲೆ’ ಎಂದೇ ಇದೆ. ನಿರ್ದೇಶಕ ಗಡ್ಡ ಬಿಟ್ಟು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಮೊದಲು ಬಲೆ ಕಾಣುತ್ತದೆ, ಆಮೇಲೆ ಒತ್ತು ಬಿದ್ದು ‘ಬಲ್ಲೆ’ ಆಗುತ್ತದೆ, ಕತೆಯೇ ಅದು ಎಂದ. ಅಣ್ಣ ಬೇಕೆಂದೇ ಹೀಗೆ ಬರೆದಿಟ್ಟಿದ್ದನೇ ಎಂದು ಕೇಳಿದ. ಇಲ್ಲ, ಅವನಿಗೆ ತಾಳ್ಮೆ ಇರಲಿಲ್ಲ ಅಷ್ಟೆ ಎಂದೆ.

ಇವತ್ತು ನಾನು ಮೂರು ವಾಕ್ಯ ಮಾತಾಡಿದೆ ಎಂದು ಕತ್ತರಿ ಬೆರಳಿನಲ್ಲಿ ಎಣಿಸಿ ತೋರಿಸಿದರು.

ಮಾರ್ಚ್ ೨೦, ಗುರುವಾರ

ಇದ್ದ ಸೊಗಸು ಹೋಯಿತು. ಕತ್ತರಿ ಬೇರೆ ಕಂಪ್ಯೂಟರ್ ತರಿಸಿದ್ದಾರೆ, ಅದು ಚುರುಕು. ತಡವಾಗು ಎಂದು ಅದಕ್ಕೆ ಹೇಳಿಕೊಡಬೇಕು. ಪ್ರತಿ ಒತ್ತೂ ಒಂದು ಸೆಕೆಂಡ್ ತಡ ಎಂದು ಇಟ್ಟು ನೋಡಿದರು. ಐದನೇ ಹೆಸರಿಗೆ ನನಗೆ ಆಕಳಿಕೆ ಬಂತು. ಯಾವಾಗ ಬೀಳುತ್ತದೆಂದು ಗೊತ್ತಿದ್ದರೆ ಕಾಯುವುದೇನಿದೆ. ನಿರ್ದೇಶಕನಿಗೆ ಏನು ಮಾಡುವುದೆಂದು ತೋಚಲಿಲ್ಲ. ಇನ್ನು ಏಳು ದಿನ.

ಮನೆಗೆ ಬಂದರೆ ಅತ್ತಿಗೆ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಾರೆ, ಅಲ್ಲಾಡುತ್ತಿಲ್ಲ. ಏನಾಯಿತು ಎಂದೆ.

“ಕುಕ್ಕರು ಎರಡು ಸೀಟಿ ಹೊಡೆದು ಕೂತಿದೆ. ಮೂರನೇದು ಬರ್ತಾನೇ ಇಲ್ಲ. ಅದು ಹೊಡೆಯೋ ತನಕ ನಂಗೆ ಬೇರೆ ಕೆಲಸ ಓಡಲ್ಲ.”

ನಾನೂ ನಿಂತೆ. ಇಬ್ಬರೂ ಕುಕ್ಕರನ್ನೇ ನೋಡುತ್ತ ನಿಂತೆವು. ಸೀಟಿ ಹೊಡೆದಾಗ ಇಬ್ಬರೂ ಬೆಚ್ಚಿದೆವು. ಬರುತ್ತದೆಂದು ಗೊತ್ತಿದ್ದೂ.

ನಾಳೆ ಕತ್ತರಿಯವರಿಗೆ ಇದನ್ನು ಹೇಳಬೇಕು. ಎರಡು ಬೇಗ, ಮೂರನೆಯದು ತಡ. ಮತ್ತೆ ಒಂದು ಬೇಗ. ಎಷ್ಟು ತಡ ಎಂಬುದು ಕುಕ್ಕರಿಗೆ ಬಿಟ್ಟದ್ದು.

ಊಟ ಮಾಡುವಾಗ ಅತ್ತಿಗೆ ಒಂದು ಮಾತು ಹೇಳಿದರು. ಅಣ್ಣನ ಅಕ್ಷರವನ್ನು ಅವರು ಥಿಯೇಟರಿನಲ್ಲಿ ಒಮ್ಮೆಯೂ ನೋಡಿಲ್ಲ. ಮದುವೆಯಾದಾಗಿನಿಂದ ಎಲ್ಲ ಸಿನಿಮಾಕ್ಕೂ ತಡ. ಸೀರೆಯ ನೆರಿಗೆ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವುದು, ಇಂಥವು. ಇವರು ಒಳಗೆ ಹೋಗುವಷ್ಟರಲ್ಲಿ ನಾಯಕ ಒಬ್ಬನನ್ನಾದರೂ ಹೊಡೆದು ಮುಗಿಸಿರುತ್ತಿದ್ದ. ಅಣ್ಣ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಮುಂದಿನ ಸಲ ಎನ್ನುತ್ತಿದ್ದ. ಮುಂದಿನ ಸಲ, ಮುಂದಿನ ಸಲ ಎನ್ನುತ್ತ ಅತ್ತಿಗೆ ನೀರು ಕುಡಿಯಲು ಎದ್ದು ಹೋದರು. ಬಹಳ ಹೊತ್ತು ಕುಡಿದರು.

ಇಪ್ಪತ್ತೇಳಕ್ಕೆ ಯಜಮಾನರು ಬೇಡ ಎಂದರೆ ಮುಂದಿನ ಸಲ ಎಂಬುದು ಇಲ್ಲ. ಇವು ಅವನ ಕೊನೆಯ ಅಕ್ಷರಗಳು.

ಮಾರ್ಚ್ ೨೧, ಶುಕ್ರವಾರ

‘ಬಲೆ’ಯ ರಟ್ಟನ್ನು ತಿರುಗಿಸಿದೆ. ಹಾಳೆಯ ಮೇಲೆ ಒತ್ತು ಬರೆದೆ. ಒಂದೇ ಸಲಕ್ಕೆ ಬಂತು.

ಮಾರ್ಚ್ ೨೪, ಸೋಮವಾರ

ಕುಕ್ಕರಿನ ಮಾತು ಕೇಳಿ ಕತ್ತರಿ ನಗಲಿಲ್ಲ. ಲೆಕ್ಕ ಹಾಕಿ ಇಟ್ಟರೆ ಲೆಕ್ಕದ ಹಾಗೇ ಕಾಣುತ್ತದೆ, ಯಾರಾದರೂ ಕೈಯಿಂದ ಮಾಡಬೇಕು ಎಂದರು. ಹೆಸರುಗಳನ್ನು ಒಂದೇ ಸಮ ಓಡಿಸುತ್ತೇನೆ, ಯಾವಾಗ ಬೀಳಬೇಕೋ ಆವಾಗ ಈ ಗುಂಡಿ ಒತ್ತಬೇಕು, ಒತ್ತಿದ ಕ್ಷಣ ಗುರುತಾಗಿ ಉಳಿಯುತ್ತದೆ ಎಂದು ತೋರಿಸಿದರು. ಮೊದಲು ನಿರ್ದೇಶಕ ಒತ್ತಿದ. ಅವನಿಗೆ ಆತುರ, ಎಲ್ಲವೂ ದಬದಬ ಬಿದ್ದವು. ಕತ್ತರಿ ಒತ್ತಿದರು. ಅವರದು ಗಡಿಯಾರದ ಕೈ.

“ಒತ್ತಕ್ಕ, ನೀವೇ ಒತ್ತಿ” ಎಂದರು ಕತ್ತರಿ. ನನಗೆ ಈ ಹೆಸರು ಯಾವಾಗ ಬಂತೋ.

ಸದ್ದು ಏನು ಹಾಕುವುದು ಎಂದು ಮೊದಲು ಚರ್ಚೆಯಾಯಿತು. ಒತ್ತು ಬೀಳುವಾಗ ನಿರ್ದೇಶಕ ಗುಡುಗು ಹಾಕಿದ, ಸುತ್ತಿಗೆ ಹಾಕಿದ, ಕಬ್ಬಿಣದ ಬಾಗಿಲು ಹಾಕಿದ. ನನಗೆ ತಲೆನೋವು ಬಂತು. ಬೀಳುವಾಗ ಸದ್ದೇ ಬೇಡ ಎಂದೆ. ಬೀಳುವುದಕ್ಕೆ ಸ್ವಲ್ಪ ಮೊದಲು ಇರುವ ಸದ್ದೂ ನಿಂತುಹೋಗಲಿ. ಮನೆಯಲ್ಲಿ ಯಾರಾದರೂ ಮಾತಾಡುತ್ತ ತಟಕ್ಕನೆ ನಿಲ್ಲಿಸಿದರೆ ನಾವು ತಿರುಗಿ ನೋಡುತ್ತೇವಲ್ಲ, ಹಾಗೆ. ನಲ್ಲಿಯ ತೊಟ್ಟು ನಿಲ್ಲಿಸಿ ನೋಡಿದರು. ನಿರ್ದೇಶಕ ತೋಳು ಮುಂದೆ ಚಾಚಿ, ರೋಮ ನಿಂತಿದೆ ನೋಡಿ ಎಂದು ಎಲ್ಲರಿಗೂ ತೋರಿಸಿದ.

ಆಮೇಲೆ ನಾನು ಗುಂಡಿಯ ಮುಂದೆ ಕುಳಿತೆ. ಬೆರಳು ಇಟ್ಟೆ. ಮೊದಲ ಹೆಸರು ಬಂತು, ಒತ್ತಿಲ್ಲದೆ. ಮೇಜಿನ ಆ ಕಡೆಯಿಂದ ಸರಿದು ಬಂದ ಹಾಗೇ ಇತ್ತು. ನಾನು ಮೂವತ್ತೊಂದು ವರ್ಷದಿಂದ ಮಾಡಿದ್ದೂ ಇದೇ. ಬರುತ್ತದೆ, ಅವನ ಮಾತಿಗೆ ಕಾಯುತ್ತೇನೆ. ಅವನು ಕೆಲವು ಸಲ ಸರಿಸುತ್ತಲೇ ಹೇಳುತ್ತಿದ್ದ, ಕೆಲವು ಸಲ ಕನ್ನಡಕ ಒರೆಸಿಕೊಂಡು ಹೇಳುತ್ತಿದ್ದ, ಕೆಲವು ಸಲ ತನ್ನ ಅಕ್ಷರವನ್ನೇ ತಾನು ಮೆಚ್ಚಿ ನೋಡಿ ಆಮೇಲೆ. ಅವನ ಗತ್ತು ನನಗೆ ಗೊತ್ತು. ಒತ್ತುತ್ತ ಹೋದೆ.

ಕೊನೆಗೆ ಯಾರೂ ಇಲ್ಲದ ಕುರ್ಚಿ ಬಂತು, ಅದರ ಮೇಲೆ ‘ಬಲೆ’. ಸದ್ದು ನಿಂತಿತು. ಕಾದೆ. ಮುಂಚೆಯೆಲ್ಲ ಅವನ ಮಾತು ಕೇಳಿಸಿದಂತಿತ್ತು, ಇದಕ್ಕೆ ಏನೂ ಕೇಳಿಸಲಿಲ್ಲ. ಇನ್ನೂ ಕಾದೆ. ಕತ್ತರಿ ನನಗೆ ನಿದ್ದೆ ಬಂತೇನೋ ಎಂದುಕೊಂಡರಂತೆ, ಆಮೇಲೆ ಹೇಳಿದರು.

ಯಾರೂ ಹೇಳಲಿಲ್ಲ. ಒತ್ತಿದೆ.

ಇನ್ನೊಂದು ಸಲ ಮಾಡೋಣವೇ ಎಂದು ನಿರ್ದೇಶಕ ಕೇಳಿದ. ಬೇಡ ಎಂದರು ಕತ್ತರಿ. ಎಲ್ಲರಿಗೂ ಚಹಾ ತರಿಸಿದರು. ನಾನು ಎರಡು ಲೋಟ ಕುಡಿದೆ.

ಮಾರ್ಚ್ ೨೬, ಬುಧವಾರ

ಬೆಳಿಗ್ಗೆ ನಿರ್ದೇಶಕನ ಫೋನ್. ಒಂದು ರಟ್ಟು ಕಡಿಮೆ ಇದೆ ಎಂದ. ಎಲ್ಲರ ಹೆಸರೂ ಇದೆ, ಅಕ್ಷರ ಬರೆದವರದ್ದಿಲ್ಲ. ಸಂಜೆಯೊಳಗೆ ಬೇಕು.

ಅಣ್ಣ ತನ್ನ ಹೆಸರನ್ನು ಯಾವತ್ತೂ ಕೊನೆಗೆ ಬರೆಯುತ್ತಿದ್ದ. ಈ ಸಲ ಕೊನೆ ತಲುಪಿರಲಿಲ್ಲ. ನಾನು ಪೂರ್ತಿ ಅಕ್ಷರ ಬರೆದವಳಲ್ಲ. ಆಗುವುದಿಲ್ಲ ಎಂದು ಹೇಳಲು ಫೋನ್ ಎತ್ತಿದೆ. ಅತ್ತಿಗೆ ಅದನ್ನು ಕೈಯಿಂದ ಕಸಿದು ಅಕ್ಕಿ ಡಬ್ಬದೊಳಗಿಟ್ಟರು.

“ಮೂವತ್ತೊಂದು ವರ್ಷ ಎದುರಿಗೆ ಕೂತು ಏನು ಗೋಡೆ ನೋಡ್ತಿದ್ಯಾ? ಹೋಗು ಮೇಲೆ.”

ಹೋದೆ. ಅವನ ಕುರ್ಚಿಯ ಕಡೆ ಬೆಳಕು ಚೆನ್ನಾಗಿ ಬರುತ್ತದೆ, ಅಲ್ಲೇ ಕುಳಿತೆ. ನಾಲ್ಕು ರಟ್ಟು ಹಾಳಾದವು, ಐದನೆಯದು ನಿಂತಿತು. ‘ಅಕ್ಷರ’, ಅದರ ಕೆಳಗೆ ಅಣ್ಣನ ಹೆಸರು. ಅದರ ಕೆಳಗೆ ನನ್ನದೂ ಇರಲೇಬೇಕು ಎಂದು ನಿರ್ದೇಶಕ ಹೇಳಿದ್ದ, ಅದನ್ನೂ ಬರೆದೆ. ಅಣ್ಣನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ನನ್ನ ಹೆಸರಿನಲ್ಲಿ ಒಂದೂ ಇಲ್ಲ. ಇಷ್ಟು ವರ್ಷ ಆದರೂ ಇದನ್ನು ಗಮನಿಸಿರಲಿಲ್ಲ.

ಒಣಗಿದ ಮೇಲೆ ನೋಡುತ್ತೇನೆ, ಒತ್ತನ್ನೂ ರಟ್ಟಿನ ಮೇಲೆಯೇ ಹಾಕಿಬಿಟ್ಟಿದ್ದೇನೆ. ಪ್ಲಾಸ್ಟಿಕ್ ಹಾಳೆ ಎದುರಿಗೇ ಇತ್ತು. ತೆಗೆದುಕೊಳ್ಳುವುದೇ ಮರೆತುಹೋಯಿತು. ಬೇರೆ ಬರೆಯಲು ಹೊತ್ತಿಲ್ಲ. ಹಾಗೇ ಕಳಿಸಿದೆ.

ಇದರ ಒತ್ತು ಬೀಳುವುದೇ ಇಲ್ಲವಲ್ಲ ಎಂದು ನಿರ್ದೇಶಕ ಫೋನಿನಲ್ಲಿ ಗೋಳಾಡಿದ. ಇರಲಿ ಬಿಡಪ್ಪ, ಒಂದಾದರೂ ಸುಮ್ಮನೆ ನಿಂತಿರಲಿ ಎಂದೆ. ಫೋನಿಗೆ ಇನ್ನೂ ಅಕ್ಕಿ ಅಂಟಿದೆ.

ಮಾರ್ಚ್ ೨೭, ಗುರುವಾರ

ಯಜಮಾನರು ಬಂದರು. ದಪ್ಪನೆಯ ಮನುಷ್ಯ, ಸೋಫಾ ಅವರಿಗೆ ಸಾಲಲಿಲ್ಲ. ಹೆಸರು ಬರುವಾಗ ಮೊಬೈಲ್ ನೋಡುವುದು ಅವರ ಅಭ್ಯಾಸವಂತೆ. ಹೆಸರುಗಳಿರುವುದು ಜನ ಕುರ್ಚಿ ಹುಡುಕಿಕೊಳ್ಳಲಿ ಎಂದು, ಓದಲು ಅಲ್ಲ ಎನ್ನುತ್ತಾರಂತೆ. ಇದನ್ನು ಕತ್ತರಿ ನನಗೆ ಮೆಲ್ಲಗೆ ಹೇಳಿದರು. ತಲೆ ಎತ್ತಿದರೆ ಗೆದ್ದೆವು, ಇಲ್ಲದಿದ್ದರೆ ಇಲ್ಲ.

ದೀಪ ಆರಿಸಿದರು. ಯಜಮಾನರ ಮುಖಕ್ಕೆ ಮೊಬೈಲಿನ ಬೆಳಕು. ನಾನು ಪರದೆ ನೋಡಲಿಲ್ಲ, ಆ ಬೆಳಕನ್ನೇ ನೋಡಿದೆ. ಮೊದಲ ಹೆಸರು ಹೋಯಿತು. ಎರಡನೆಯದು ಹೋಯಿತು. ನಲ್ಲಿ ನಿಂತಿತು. ಸದ್ದು ನಿಂತದ್ದಕ್ಕೆ ಅವರು ತಲೆ ಎತ್ತಿದರು. ಮತ್ತೆ ತಗ್ಗಿಸಿದರು. ಐದನೆಯದಕ್ಕೆ ಎತ್ತಿದರು. ಆಮೇಲೆ ತಗ್ಗಿಸಲಿಲ್ಲ. ಬೆಳಕು ತಾನಾಗಿ ಆರಿತು.

ಅಣ್ಣನ ಹೆಸರು ಬಂತು. ಬಿದ್ದದ್ದು ಏನೂ ಇಲ್ಲ, ಇಡೀ ಹೆಸರು ಹಾಗೇ ನಿಂತಿತು. ಅದನ್ನು ತಪ್ಪು ಎಂದುಕೊಂಡಿದ್ದೆವು. ಯಜಮಾನರು ಬೀಳುತ್ತದೆ, ಬೀಳುತ್ತದೆ ಎಂದು ಇನ್ನೂ ಮುಂದಕ್ಕೆ ಬಾಗಿದರು. ಅದು ಬೀಳದೇ ಹೋಯಿತು. ಅಷ್ಟರಲ್ಲಿ ಕುರ್ಚಿ, ‘ಬಲೆ’. ಒತ್ತು ಬೀಳುವುದಕ್ಕೆ ಮೊದಲು ಮೊಬೈಲ್ ಅವರ ತೊಡೆಯಿಂದ ಜಾರಿ ಕೆಳಗೆ ಬಿತ್ತು.

ದೀಪ ಹಾಕಿದರು. ಯಜಮಾನರು ಹಣೆ ಒರೆಸಿಕೊಂಡು ಸೋಫಾದ ಕೆಳಗೆ ತಡಕಾಡುತ್ತ ಹೇಳಿದರು: “ಇದ್ದದ್ದು ಇದ್ದ ಹಾಗೇ ಇರಲಿ. ನನ್ನ ಹೆಸರಿನ ಒತ್ತು ಮಾತ್ರ ಸ್ವಲ್ಪ ಬ್ಯಾಗ ಬೀಳಲಿ ಮಾರಾಯ್ರೇ. ನಾನೇ ಅರ್ಧ ಸತ್ತೆ.”

ನಿರ್ದೇಶಕ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನು ತಟ್ಟಿದೆ. ಇನ್ನು ಗಡ್ಡ ಬೋಳಿಸು ಎಂದೆ.

ಮೇ ೨, ಶುಕ್ರವಾರ

ಮಧ್ಯಾಹ್ನದ ಆಟ ಎರಡೂವರೆಗೆ. ಅತ್ತಿಗೆ ಬೆಳಿಗ್ಗೆ ಹತ್ತಕ್ಕೇ ಸೀರೆ ಉಟ್ಟು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದರು. ಊಟವನ್ನೂ ಚಪ್ಪಲಿಯಲ್ಲೇ ಮಾಡಿದರು. ಬೀಗ ಹಾಕಿದ ಮೇಲೆ ತಿರುಗಿ ನೋಡಲಿಲ್ಲ. ನಾವು ಹೋದಾಗ ಥಿಯೇಟರಿನವರು ಇನ್ನೂ ಕಸ ಗುಡಿಸುತ್ತಿದ್ದರು. ಕಾಲು ಎತ್ತಿ ಕೊಟ್ಟು ಕುಳಿತೆವು.

ಜನ ಬಂದರು. ದೀಪ ಆರಿತು. ಮೊದಲ ಕೆಲವು ಹೆಸರಿಗೆ ಮಾತು, ಓಡಾಟ, ಯಾರೋ ಸೀಟಿನ ಸಂಖ್ಯೆ ಕೂಗುವುದು. ಆಮೇಲೆ ಒಬ್ಬೊಬ್ಬರಾಗಿ ನಿಂತಲ್ಲೇ ನಿಂತರು. ನಮ್ಮ ಮುಂದಿನವನ ಕೈ ತಿಂಡಿಯ ಪೊಟ್ಟಣಕ್ಕೂ ಬಾಯಿಗೂ ನಡುವೆ ಉಳಿಯಿತು. ಅತ್ತಿಗೆ ಎರಡು ಸೀಟಿ, ಮೂರನೇ ಸೀಟಿ ಎಂದು ತುಟಿಯಲ್ಲೇ ಎಣಿಸುತ್ತಿದ್ದರು.

‘ಅಕ್ಷರ’ ಎಂದು ಬಂತು. ಅಣ್ಣನ ಹೆಸರು ಬಂತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ಕಾದರು.

“ಒತ್ತು ಬೀಳ್ಲಿಲ್ಲ” ಎಂದರು ಪಿಸುಮಾತಿನಲ್ಲಿ.

“ಅದು ಬೀಳೋದಿಲ್ಲ ಅತ್ತಿಗೆ. ಅಲ್ಲೇ ಇದೆ.”

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಹೌದಲ್ಲ, ಅಲ್ಲೇ ಇದೆ ಎಂದರು. ಕೈ ಬಿಡಲಿಲ್ಲ.

ಆಮೇಲೆ ಕುರ್ಚಿ, ‘ಬಲೆ’. ಅಷ್ಟು ಜನರಲ್ಲಿ ಒಂದು ಕೆಮ್ಮೂ ಇಲ್ಲ. ನನಗೇ ಮರೆತುಹೋಗಿತ್ತು ಎಷ್ಟು ಹೊತ್ತು ಕಾದಿದ್ದೆನೆಂದು. ಒತ್ತು ಬಿತ್ತು. ಇಡೀ ಥಿಯೇಟರ್ ಒಟ್ಟಿಗೆ ಉಸಿರು ಬಿಟ್ಟಿತು.

ಅತ್ತಿಗೆ ಕಣ್ಣು ಒರೆಸಿಕೊಂಡು ಚೀಲ ಹೆಗಲಿಗೇರಿಸಿ ಎದ್ದರು. ಮುಗಿಯಿತಲ್ಲ, ನಡಿ ಎಂದರು. ಹಿಂದಿನವರು ಕೂತ್ಕೊಳ್ಳಮ್ಮ ಎಂದು ಕೂಗಿದರು. ಎಳೆದು ಕೂರಿಸಿದೆ. ಆಮೇಲೆ ಮೂವರು ಸತ್ತರು, ಏಳು ಕಾರು ಹಾರಿದವು, ಅತ್ತಿಗೆ ನನ್ನ ಭುಜಕ್ಕೆ ಒರಗಿ ಒಳ್ಳೆಯ ನಿದ್ದೆ ಮಾಡಿದರು.

ಮೇ ೫, ಸೋಮವಾರ

ಬೇರೆ ಯಾರೋ ಫೋನ್ ಮಾಡಿದ್ದರು. ಅವರದೂ ಹೊಡೆದಾಟದ ಸಿನಿಮಾ, ನಲವತ್ತು ಹೆಸರು. ಅಕ್ಷರ ಬರೆಯುವವರು ಇದ್ದಾರೆಯೇ ಎಂದು ಕೇಳಿದರು. ಇದ್ದೀನಿ ಎಂದೆ.

ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಶುರು ಮಾಡಿದೆ. ಕೆಳಗೆ ಸೆಕೆ ಎಂದು ಅತ್ತಿಗೆಯೂ ಮೇಲೆ ಬಂದು, ನಾನು ಮೊದಲು ಕೂರುತ್ತಿದ್ದ ಕಡೆ ಕುಳಿತು ತರಕಾರಿ ಹೆಚ್ಚುತ್ತಿದ್ದರು. ಒಂದು ಹೆಸರು ಬರೆದು ಮುಗಿಸಿ ಅಭ್ಯಾಸಬಲದಿಂದ ರಟ್ಟನ್ನು ಆ ಕಡೆ ಸರಿಸಿಬಿಟ್ಟೆ. ಅವರು ಚಾಕುವಿನ ಹಿಡಿಯಿಂದ ಅದನ್ನು ಇತ್ತ ತಳ್ಳಿದರು.

“ನಂಗ್ಯಾಕೆ ಕೊಡ್ತೀಯ? ಒತ್ತು.”

ಹಾಕಿದೆ. ಸಂಜೆಗೆ ಒಂಬತ್ತು ರಟ್ಟಾಯಿತು.

ಬಿಳಿ ಮುಗಿದಿದೆ. ತರಬೇಕು.